ಉಪ್ಪಿನ ಮೇಲೆ ಹೊರಿಸಿದ ತಪ್ಪು

“ಕಂಪ್ಯೂಟರ್ ಅಂದ್ರೆ ಬರೀ ಡಬ್ಬಿ ಅಲ್ದಾ, ಅದ್ರೊಳ್ಗೆ ಅದನ್ನ ನಡ್ಸುದ್ ಒಂದಿರ್ಕ್. ದುಡ್ಡ್ ಕೊಟ್ ತಕಂಬ್ದೂ ಇತ್ತ್, ಪುಕ್ಕಟೆ ಸಿಕ್ಕುದೂ ಇತ್ತ್. ಪುಕ್ಕಟೆ ಸಿಕ್ಕುದ್ರ ಹೆಸ್ರ್ ಲಿನಕ್ಸ್. ಅದ್ರಲ್ಲೂ ಸುಮಾರ್ ನಮೂನಿ ಇತ್ತ್. ನಾನ್ ಕಾಂಬ್ದ್ ಒಂದ್ ನಮೂನಿದ್. ಆರ್ ತಿಂಗ್ಳಿಗೊಂದ್ ಸಲ ಹೊಸ್ತ್ ಬತ್ತ್. ಬಪ್ಪುಕ್ ಮುಂಚೆ ಅದನ್ನ ಹಳೀ ಲ್ಯಾಪ್‌ಟಾಪ್, ಹೊಸ ಲ್ಯಾಪ್‌ಟಾಪ್, ಆ ಕಂಪ್ನಿದ್, ಈ ಕಂಪ್ನಿದ್, ಎಲ್ಲದ್ರಲ್ಲೂ ಹಾಕಿ ಕಾಣ್ಕ್. ಸ್ವರ ಬತ್ತಾ, ವೈಫೈ ಹಿಡಿತ್ತಾ, ಮುಚ್ಚಿಟ್ರೆ ಮಲ್ಗತ್ತಾ, ತೆಗ್ದ್ರೆ ಏಳತ್ತಾ. ಸರಿ ಇದ್ರೆ ಸರಿ ಅಂದ್ಹೇಳಿ ಒತ್ತುದ್, ಇಲ್ದಿದ್ರೆ ಇಲ್ಲೆ ಅಂದ್ಹೇಳಿ ಒತ್ತುದ್. ಸಂಬ್ಳ ಗಿಂಬ್ಳ ಇಲ್ಲೆ. ನನ್ನಂಥರ್ ಬೇರೆ ಬೇರೆ ದೇಶದಲ್ಲ್ ಸುಮಾರ್ ಜನ ಇದ್ರ್. ಅವ್ರ್ ಮೋರಿ ನಾನ್ ಕಾಣ್ಲಿಲ್ಲೆ, ನನ್ನ್ ಮೋರಿ ಅವ್ರ್ ಕಾಣ್ಲಿಲ್ಲೆ. ಆದ್ರೂ ನಾನ್ ಸರಿ ಅಂದ್ರೆ ನಂಬ್ತ್ರ್. ಒಂಬತ್ ವರ್ಷ ನಂಬಿದ್ರ್. ಈ ಸಲ ನಾನ್ ಸುಳ್ಳ್ ಒತ್ತ್‌ದೆ. ಪೂರಾ ಸುಳ್ಳ್ ಅಂದ್ಹೇಳಿ ಅಲ್ಲ. ಮೂರ್ ಸಲ ಮಲ್ಗ್ಸಿ ಕಂಡೆ. ಎರಡ್ ಸಲ ಎದ್ದಿತ್, ಒಂದ್ ಸಲ ಏಳ್ಲಿಲ್ಲೆ. ಆ ಒಂದ್ ಸಲದ್ ನಾನ್ ಬರೀಲಿಲ್ಲೆ. ಉಪ್ಪ್ ಗಾಳಿಗೆ ಹಿಂಗಾಯ್ತ್ ಅಂದ್ಹೇಳಿ ಮನ್ಸಿಗೆ ಸಮಾಧಾನ ಮಾಡ್ಕಂಡೆ. ಮತ್ತೆ ಎಂತ ಆಯ್ತ್ ಅಂದ್ರೆ, ಅದನ್ನ ಹೇಳುಕೇ ನಂಗ್ ನಾಚ್ಕಿ ಆತ್ತ್.”

ಹೀಗೆ ಹೇಳಿದ ವನಜ ಉಪ್ಪುಂದದ ಮೀನುಗಾರರ ಮನೆಯ ಸೊಸೆ. ವಯಸ್ಸು ನಲವತ್ತಾರು. ಗಂಡ ಗೋವರ್ಧನ ದೋಣಿಗೆ ಹೋಗುತ್ತಾನೆ, ಅತ್ತೆ ಸುಂದರಿ ಈಗಲೂ ಮಾರ್ಕೆಟ್ಟಿನಲ್ಲಿ ಬುಟ್ಟಿ ಇಟ್ಟುಕೊಂಡು ಮೀನು ಮಾರುತ್ತಾಳೆ. ವನಜ ಓದಿದ್ದು ಎಂಟನೆಯ ಕ್ಲಾಸು. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಮುಂಬೈಗೆ ಹೋದವಳು, ಅಲ್ಲಿ ಹಳೆಯ ಕಂಪ್ಯೂಟರುಗಳನ್ನು ಸರಿಮಾಡಿ ಮಾರುವ ಒಂದು ಅಂಗಡಿಗೆ ಧೂಳು ಒರೆಸುವ ಕೆಲಸಕ್ಕೆ ಸೇರಿದಳು. ಒರೆಸುತ್ತ ಒರೆಸುತ್ತ ಸ್ಕ್ರೂ ಬಿಚ್ಚುವುದು ಕಲಿತಳು, ಬಿಚ್ಚಿದ್ದನ್ನು ಜೋಡಿಸುವುದು ಕಲಿತಳು. ಅಂಗಡಿಯವನು ಹಳೆಯ ಯಂತ್ರಗಳಿಗೆಲ್ಲ ಲಿನಕ್ಸ್ ಹಾಕುತ್ತಿದ್ದ. ಇದನ್ನು ಸರಿ ಇದೆಯೋ ಇಲ್ಲವೋ ಎಂದು ನೋಡುವವರು ಯಾರು ಎಂದು ಒಮ್ಮೆ ಕೇಳಿದಳು. ನೀನೇ ನೋಡು, ಯಾರು ಬೇಕಾದರೂ ನೋಡಬಹುದು ಎಂದು ಅವನು ನಕ್ಕು, ಪರೀಕ್ಷೆ ಮಾಡುವವರು ಬರೆಯುವ ಇಂಟರ್ನೆಟ್ ಪುಟದಲ್ಲಿ ಅವಳ ಹೆಸರು ಬರೆಸಿದ. ಅಂದಿನಿಂದ ಹಿಡಿದ ಕೆಲಸ, ಊರಿಗೆ ವಾಪಸು ಬಂದ ಮೇಲೂ ಬಿಡಲಿಲ್ಲ.

ಊರಿನಲ್ಲಿ ಅವಳು ಮನೆಯ ಜಗಲಿಯಲ್ಲೇ ಮೇಜು ಹಾಕಿ ಮೊಬೈಲು, ಲ್ಯಾಪ್‌ಟಾಪು ರಿಪೇರಿ ಮಾಡುತ್ತಾಳೆ. ಬೈಂದೂರಿನಿಂದ, ಕುಂದಾಪುರದಿಂದ, ಒಮ್ಮೊಮ್ಮೆ ಬ್ರಹ್ಮಾವರದಿಂದಲೂ ಜನ ಬರುತ್ತಾರೆ. ಕೆಟ್ಟ ಯಂತ್ರ ಬೇಡವೆಂದು ಬಿಟ್ಟುಹೋದರೆ ಅದನ್ನು ಎತ್ತಿಟ್ಟುಕೊಳ್ಳುತ್ತಾಳೆ. ಲಿನಕ್ಸಿನ ಹೊಸ ಬಿಡುಗಡೆ ಹತ್ತಿರ ಬಂದಾಗ ಅವನ್ನೆಲ್ಲ ಸಾಲಾಗಿ ಇಟ್ಟು ಒಂದೊಂದರಲ್ಲೂ ಹಾಕಿ ನೋಡುತ್ತಾಳೆ. ಅಷ್ಟು ಬಗೆಯ ಯಂತ್ರ ಒಬ್ಬರ ಕೈಯಲ್ಲಿರುವುದು ಕಡಿಮೆ ಎಂದು ಹೊರದೇಶದವರು ಅವಳ ಮಾತಿಗೆ ಬೆಲೆ ಕೊಡುತ್ತಿದ್ದರು.

ಕಡಲ ಬದಿಯಲ್ಲಿ ಯಂತ್ರ ಇಟ್ಟುಕೊಳ್ಳುವುದು ಸುಲಭವಲ್ಲ. ಕಿಟಕಿಯ ಸರಳು ಎರಡು ಮಳೆಗಾಲಕ್ಕೆ ಕೈಗೆ ಉದುರುತ್ತದೆ, ಬೀಗಕ್ಕೆ ಎಣ್ಣೆ ಬಿಟ್ಟಷ್ಟೂ ಸಾಲದು. ಲ್ಯಾಪ್‌ಟಾಪಿನ ಒಳಗೆ ತಂತಿ ಸೇರುವ ಜಾಗದಲ್ಲಿ ಬಿಳಿ ಹಸಿರು ಪುಡಿ ಕಟ್ಟುತ್ತದೆ. ವನಜ ಅವನ್ನು ಬಟ್ಟೆಯಲ್ಲಿ ಸುತ್ತಿ, ತಳಕ್ಕೆ ತೆಂಗಿನ ಗೆರಟೆಯ ಇದ್ದಿಲು ಹರಡಿದ ಒಂದು ದೊಡ್ಡ ಡ್ರಮ್ಮಿನಲ್ಲಿ ಮುಚ್ಚಿಡುತ್ತಾಳೆ. ಹಾಗಿದ್ದೂ ಉಪ್ಪು ಬಿಡುವುದಿಲ್ಲ.

ಎರಡು ವರ್ಷದ ಹಿಂದೆ ಈ ಉಪ್ಪು ಅವಳ ಮರ್ಯಾದೆ ತೆಗೆದಿತ್ತು. ಒಂದು ಲ್ಯಾಪ್‌ಟಾಪಿನಲ್ಲಿ ಸ್ವರ ಬರುತ್ತಿಲ್ಲ ಎಂದು ಬರೆದಿದ್ದಳು. ಎಲ್ಲೋ ದೂರದಲ್ಲಿ ಕುಳಿತ ಒಬ್ಬ ಪುಣ್ಯಾತ್ಮ ಎರಡು ದಿನ ಅದರ ಹಿಂದೆ ಬಿದ್ದ. ಇದು ಮಾಡಿ ನೋಡಿ, ಅದು ಮಾಡಿ ನೋಡಿ ಎಂದು ಬರೆದ. ಕೊನೆಗೆ ಅವಳು ಬಿಚ್ಚಿ ನೋಡಿದರೆ ಸ್ಪೀಕರಿನ ತಂತಿಯನ್ನೇ ಉಪ್ಪು ತಿಂದುಹಾಕಿತ್ತು. ಇದ್ದದ್ದನ್ನು ಬರೆದಳು. ಮುಂದಿನ ಸಲ ಮೊದಲು ಯಂತ್ರ ಸರಿ ಇದೆಯೇ ನೋಡಿಕೊಳ್ಳಿ ಎಂದು ಅವನು ಮೆತ್ತಗೆ ಉತ್ತರಿಸಿದ. ಮೆತ್ತಗೆ ಹೇಳಿದ್ದೇ ಅವಳಿಗೆ ಹೆಚ್ಚು ನಾಟಿತು. ಅಡುಗೆ ಮಾಡುವಾಗ, ಬಟ್ಟೆ ಒಗೆಯುವಾಗ ಆ ಸಾಲು ನೆನಪಾಗಿ ಕಿವಿ ಬಿಸಿಯಾಗುತ್ತಿತ್ತು. ಆಮೇಲಿಂದ ಯಾವ ಯಂತ್ರ ಹಟ ಮಾಡಿದರೂ ಅವಳು ಮೊದಲು ಹೇಳುವ ಮಾತು, ಉಪ್ಪು.

ಈ ಸಲದ ಬಿಡುಗಡೆಗೆ ಹತ್ತು ದಿನವಿದ್ದಾಗ, ಒಂದು ಸೋಮವಾರ, ಅವಳು ಒಂದು ಕಪ್ಪು ಲ್ಯಾಪ್‌ಟಾಪನ್ನು ನೋಡುತ್ತಿದ್ದಳು. ಮುಚ್ಚಿದಳು, ಐದು ನಿಮಿಷ ಬಿಟ್ಟು ತೆರೆದಳು, ಎದ್ದಿತು. ಮತ್ತೆ ಮುಚ್ಚಿ ಊಟಕ್ಕೆ ಹೋಗಿ ಬಂದು ತೆರೆದಳು. ಪರದೆ ಕಪ್ಪಗೆ ಹಾಗೇ ಇತ್ತು. ಗುಂಡಿ ಒತ್ತಿ ಹಿಡಿದು ಆರಿಸಿ, ಪುನಃ ಹೊತ್ತಿಸಿ, ಮೂರನೆಯ ಸಲ ಐದು ನಿಮಿಷ ಮುಚ್ಚಿಟ್ಟಳು. ಎದ್ದಿತು. ಪುಟದಲ್ಲಿ ‘ಮಲಗಿ ಏಳುವುದು’ ಎಂಬುದರ ಮುಂದೆ ಸರಿ, ಸರಿಯಿಲ್ಲ ಎಂದು ಎರಡಿದ್ದವು. ಕೆಳಗೆ ವಿವರ ಬರೆಯಲು ಖಾಲಿ ಜಾಗವಿತ್ತು. ಮೂರರಲ್ಲಿ ಒಂದು ಸಲ ಏಳಲಿಲ್ಲ ಎಂದು ಬರೆದಿದ್ದರೆ ಒಂದೇ ಸಾಲು. ಬರೆದರೆ ಯಂತ್ರ ಸರಿ ಇದೆಯೇ ಎಂದು ಕೇಳುತ್ತಾರೆ. ಇದರ ಕೀಲಿನ ಹತ್ತಿರ ಬಿಳಿ ಪುಡಿ ಇದ್ದದ್ದು ಅವಳಿಗೆ ಗೊತ್ತೇ ಇತ್ತು. ಸರಿ ಎಂದು ಒತ್ತಿದಳು.

ಅದೇ ಸಂಜೆ ಊರಿನ ಲೈಬ್ರರಿ ನೋಡಿಕೊಳ್ಳುವ ನವ್ಯಶ್ರೀ ಜಗಲಿಗೆ ಬಂದಳು. ತೆಕ್ಕಟ್ಟೆಯಿಂದ ಮದುವೆಯಾಗಿ ಬಂದವಳು, ಮೂವತ್ತೆರಡರ ಹೆಂಗಸು, ಮಾತು ಕಡಿಮೆ. ಲೈಬ್ರರಿಯ ಕಂಪ್ಯೂಟರು ವನಜಳ ಹತ್ತಿರವೇ ರಿಪೇರಿಗೆ ಬಿದ್ದಿತ್ತು, ಅದರ ಒಂದು ಭಾಗ ಉಡುಪಿಯಿಂದ ಬರಬೇಕಿತ್ತು.

“ಅಕ್ಕಾ, ಒಂದ್ ವಾರಕ್ಕೆ ಬೇರೆ ಎಂತಾದ್ರೂ ಇತ್ತಾ? ದುಗ್ಗಪ್ಪಜ್ಜ ಹೇಳುಕೆ ಒಪ್ಪಿರ್. ಒಂದ್ ವರ್ಷ ಚಾ ಕುಡ್ಸಿ ಕುಡ್ಸಿ ಒಪ್ಸಿದೆ. ನಾಳೆ ಬಿಟ್ರೆ ಅವ್ರ್ ಮನ್ಸ್ ತಿರ್ಗತ್ತ್.”

ದುಗ್ಗಪ್ಪನಿಗೆ ಎಂಬತ್ತು ದಾಟಿದೆ. ಕಡಲಿನಲ್ಲಿ ದಾರಿ ತೋರಿಸುವ ಯಂತ್ರ ಬರುವ ಮೊದಲಿನ ಕಾಲದವನು. ದಡದ ಯಾವ ಗುಡ್ಡ ಯಾವ ಮರದ ಹಿಂದೆ ಬಂದರೆ ದೋಣಿಯ ಕೆಳಗೆ ಬಂಡೆ ಇದೆ, ಎಲ್ಲಿ ಬಲೆ ಬಿಟ್ಟರೆ ಯಾವ ಮೀನು, ಆ ಜಾಗಗಳಿಗೆಲ್ಲ ಹಿರಿಯರು ಇಟ್ಟ ಹೆಸರೇನು, ಎಲ್ಲ ಅವನ ತಲೆಯಲ್ಲಿತ್ತು. ಅದನ್ನು ಬರೆದಿಡಬೇಕೆಂದು ನವ್ಯಶ್ರೀಯ ಆಸೆ.

ವನಜ ಆ ಕಪ್ಪು ಲ್ಯಾಪ್‌ಟಾಪನ್ನೇ ಕೊಟ್ಟಳು. ಅದರ ಡಿಸ್ಕು ಸತ್ತಿತ್ತು, ಪರೀಕ್ಷೆಯ ಪೆನ್‌ಡ್ರೈವ್ ಚುಚ್ಚಿದರೆ ಅದರಿಂದಲೇ ನಡೆಯುತ್ತಿತ್ತು. ಹಾಗೆ ನಡೆಯುವಾಗ ಬರೆದದ್ದೆಲ್ಲ ಯಂತ್ರ ಎಚ್ಚರವಿರುವ ತನಕ, ಇಲ್ಲವೇ ಮಲಗಿರುವ ತನಕ ಇರುತ್ತದೆ. ಆರಿಸಿದರೆ ಅಳಿಸಿಹೋಗುತ್ತದೆ.

“ಆಫ್ ಮಾತ್ರ ಮಾಡುಕಾಗ. ಕೆಲ್ಸ ಆದ್ಮೇಲೆ ಮುಚ್ಚಿಡಿ ಸಾಕ್, ಬೆಳಿಗ್ಗೆ ತೆಗ್ದ್ರೆ ಇದ್ದ ಹಾಂಗೇ ಇರತ್ತ್. ಶನಿವಾರ ನಾನ್ ಬಂದ್ ಎಲ್ಲ ಬೇರೆ ಪೆನ್‌ಡ್ರೈವಿಗೆ ತುಂಬ್ಸಿ ಕೊಡ್ತೆ.”

“ಏಳತ್ತಲ್ಲ ಅಕ್ಕ?”

“ನಾನೇ ಕಂಡಿದೆ. ಏಳತ್ತ್.”

ಈ ಮಾತು ಅವಳ ಬಾಯಿಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಮಧ್ಯಾಹ್ನ ಕಪ್ಪಗೆ ನಿಂತ ಪರದೆ ಅವಳಿಗೆ ಆಗ ನೆನಪಿಗೇ ಬರಲಿಲ್ಲ. ಒಂದೋ ಬರಲಿಲ್ಲ, ಇಲ್ಲವೇ ಬಂದದ್ದನ್ನು ತಳ್ಳಿದಳು. ಯಾವುದೆಂದು ಅವಳಿಗೇ ಇವತ್ತಿಗೂ ಸರಿಯಾಗಿ ಹೇಳಲಾಗುವುದಿಲ್ಲ.

ಮಂಗಳವಾರ, ಬುಧವಾರ, ಗುರುವಾರ ದುಗ್ಗಪ್ಪ ಬಂದು ಹೇಳಿದ, ನವ್ಯಶ್ರೀ ಟೈಪು ಮಾಡಿದಳು. ನಲವತ್ತಕ್ಕೂ ಮೇಲೆ ಜಾಗಗಳಾದವು. ಶುಕ್ರವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಲ್ಯಾಪ್‌ಟಾಪು ಏಳಲಿಲ್ಲ.

ಫೋನು ಬಂದು ವನಜ ಹೋಗುವಷ್ಟರಲ್ಲಿ ಲೈಬ್ರರಿಯಲ್ಲಿ ಐದಾರು ಜನ ಸೇರಿದ್ದರು. ದುಗ್ಗಪ್ಪ ಕುರ್ಚಿಯಲ್ಲಿ ಕೋಲು ಊರಿ ಕುಳಿತಿದ್ದ. ಅವನ ಮಗಳು ಜಲಜ ನಿಂತಿದ್ದಳು, ಅವಳ ಬಾಯಿ ಊರಿಗೇ ಗೊತ್ತು.

“ಹ್ವಾಯ್ ವನಜಕ್ಕ, ಬನ್ನಿ. ಈ ಲೈಬ್ರರಿಯಮ್ಮ ಎಂತ ಮಾಡಿರ್ ಕಾಣಿ. ಅಪ್ಪಯ್ಯ ಮೂರ್ ದಿನ ಗಂಟ್ಲ್ ಹರ್ಕಂಡದ್ ನೀರಿಗ್ ಹೋಯ್ತ್.”

“ನಾನ್ ಎಂತದೂ ಮಾಡ್ಲಿಲ್ಲೆ,” ಎಂದಳು ನವ್ಯಶ್ರೀ. “ಮುಚ್ಚಿಟ್ಟದ್ದ್ ಅಷ್ಟೇ.”

ವನಜ ಗುಂಡಿ ಒತ್ತಿದಳು. ಬೇರೆ ಒಂದೆರಡು ಒತ್ತಿ ನೋಡಿದಳು. ಒಳಗೆ ಫ್ಯಾನು ತಿರುಗುತ್ತಿತ್ತು, ಪರದೆ ಮಾತ್ರ ಸೋಮವಾರ ಕಂಡ ಅದೇ ಕಪ್ಪು. ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು. ಆಗ ಅವಳು ನವ್ಯಶ್ರೀಯ ಕಡೆ ತಿರುಗಿ ಕೇಳಿದಳು.

“ನೀವ್ ಗೊತ್ತಿಲ್ದೆ ಆಫ್ ಮಾಡಿದ್ರಿಯಾ?”

ನವ್ಯಶ್ರೀ ಅವಳ ಮುಖ ನೋಡಿದಳು. ಜಲಜ ಬಿಟ್ಟಳೇ? “ಕೇಂಡ್ರಿಯಾ? ವನಜಕ್ಕನೇ ಹೇಳ್ತ್ರ್. ದೊಡ್ಡ್ ಓದ್ ಓದಿರ್ ಅಂಬ್ದ್ ಕಾಣಿ, ಒಂದ್ ಗುಂಡಿ ಯಾವ್ದ್ ಅಂತ ಗೊತ್ತಿಲ್ಲೆ.”

ವನಜ ಕೇಳಿದ್ದಷ್ಟೆ, ಹೇಳಿರಲಿಲ್ಲ. ಆದರೆ ಅಲ್ಲ ಎಂದು ತಿದ್ದಲೂ ಇಲ್ಲ. ಕೊನೆಗೆ ಗುಂಡಿ ಒತ್ತಿ ಹಿಡಿದು ಆರಿಸಿದಳು, ಬೇರೆ ದಾರಿ ಇರಲಿಲ್ಲ. ನಲವತ್ತು ಜಾಗಗಳು ಅವಳ ಹೆಬ್ಬೆರಳಿನ ಕೆಳಗೇ ಹೋದವು. ದುಗ್ಗಪ್ಪ ಎದ್ದು ನಿಂತ.

“ಹೇಳದ್ ಒಂದ್ ಸಲ. ಇನ್ನ್ ನನ್ನ್ ಕೇಣ್ಬೇಡಿ.”

ಅವನ ಕೋಲಿನ ಸದ್ದು ಮೆಟ್ಟಿಲಿಳಿದು ಹೋಯಿತು. ವನಜ ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ, “ಇದಕ್ಕೆ ಉಪ್ಪ್ ಹಿಡ್ದಿತ್,” ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಮನೆಗೆ ಬಂದಳು.

ಉಪ್ಪೇ ಇರಬಹುದಲ್ಲ ಎಂಬ ಆಸೆ ಅವಳಿಗೆ ಆಗಲೂ ಇತ್ತು. ಉಪ್ಪಾದರೆ ಅವಳ ಸರಿ ಗುರುತು ತಪ್ಪಾಗುವುದಿಲ್ಲ. ಗುರುವಾರವಷ್ಟೇ ಹುಬ್ಬಳ್ಳಿಯ ಕಡೆಯಿಂದ ರಿಪೇರಿಗೆಂದು ಬಸ್ಸಿನಲ್ಲಿ ಅದೇ ಮಾದರಿಯ ಇನ್ನೊಂದು ಕಪ್ಪು ಲ್ಯಾಪ್‌ಟಾಪು ಬಂದಿತ್ತು. ಬಯಲುಸೀಮೆಯ ಯಂತ್ರ, ಕಡಲ ಗಾಳಿ ಸೋಕದ್ದು. ಬಿಚ್ಚಿ ನೋಡಿದಳು, ಕೆಂಪು ಧೂಳು ಬಿಟ್ಟರೆ ಒಳಗೆ ಹೊಚ್ಚ ಹೊಸದರ ಹಾಗಿತ್ತು. ಅದಕ್ಕೆ ಅದೇ ಪೆನ್‌ಡ್ರೈವ್ ಚುಚ್ಚಿ, ಶನಿವಾರ ಇಡೀ ದಿನ ಮಲಗಿಸುವುದು, ಎಬ್ಬಿಸುವುದು ಮಾಡಿದಳು. ಐದು ನಿಮಿಷಕ್ಕಾದರೆ ಪ್ರತಿ ಸಲ ಎದ್ದಿತು. ಒಂದು ಗಂಟೆ ಮುಚ್ಚಿಟ್ಟರೆ ಐದರಲ್ಲಿ ಎರಡು ಸಲ ಏಳಲಿಲ್ಲ.

ಮಾರ್ಕೆಟ್ಟಿನಿಂದ ಬಂದ ಸುಂದರಿ ಬುಟ್ಟಿ ಇಳಿಸಿ ಸೊಸೆಯನ್ನೇ ನೋಡಿದಳು.

“ಎಂತ ಹೆಣೆ, ಬೆಳಿಗ್ಗೆಯಿಂದ ಅದನ್ನ ಮಲ್ಗ್ಸುದೇ ಆಯ್ತಲ್ಲ. ಜೋಗುಳ ಹಾಡ್ಕಾ?”

“ಸುಮ್ನಿರಿ ಅತ್ತೆ.”

“ಸುಮ್ನೇ ಇದ್ದಿದೆ. ಮಾರ್ಕೆಟಲ್ಲಿ ಎಲ್ಲ ಆ ಲೈಬ್ರರಿ ಹೆಣ್ಣಿನ್ ಸುದ್ದಿ. ತಲೆ ಹೋಪಷ್ಟ್ ಮಾತಾಡ್ತ್ರ್. ಇವತ್ ಅದ್ ಮೀನ್ ತಕಂಬುಕ್ ಬಂದದ್, ಜಲಜನ್ನ ಕಂಡದ್ದೇ ತಿರ್ಗಿ ಹೋಯ್ತ್, ಪಾಪ. ಆಫ್ ಮಾಡಿದ್ದ್ ಹೌದಾ ಅದ್?”

ವನಜ ಮತ್ತೊಮ್ಮೆ ಗುಂಡಿ ಒತ್ತಿದಳು. ಮುಂದಿದ್ದ ಒಣ ಊರಿನ ಯಂತ್ರ ಕಪ್ಪಗೆ ಬಿದ್ದುಕೊಂಡಿತ್ತು. ಸುಂದರಿ ಅದನ್ನೊಮ್ಮೆ, ಸೊಸೆಯ ಮುಖವನ್ನೊಮ್ಮೆ ನೋಡಿ, ಮತ್ತೆ ಕೇಳದೆ ಬುಟ್ಟಿ ತೊಳೆಯಲು ಹಿತ್ತಲಿಗೆ ಹೋದಳು.

ಅಂದು ಸಂಜೆಯೇ ವನಜ ಪುಟ ತೆರೆದು ತನ್ನ ಗುರುತು ಬದಲಿಸಿದಳು. ಸರಿಯಿಲ್ಲ ಎಂದು ಒತ್ತಿದಳು. ಖಾಲಿ ಜಾಗದಲ್ಲಿ ತನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ಬರೆದಳು. ಸೋಮವಾರವೇ ಒಂದು ಸಲ ಏಳಲಿಲ್ಲ, ನನಗೆ ಗೊತ್ತಿತ್ತು, ನಾನು ಬರೆಯಲಿಲ್ಲ, ನಮ್ಮದು ಕಡಲ ಊರು, ಉಪ್ಪು ಅಂದುಕೊಂಡೆ, ಉಪ್ಪಲ್ಲ. ಮರುದಿನ ಉತ್ತರ ಬಂತು. ಹೇಳಿದ್ದಕ್ಕೆ ಧನ್ಯವಾದ, ಸೋಮವಾರವೇ ಗೊತ್ತಾಗಿದ್ದರೆ ಸರಿಪಡಿಸಲು ಸಮಯವಿತ್ತು, ಈಗ ಆಗುವುದಿಲ್ಲ, ಈ ಮಾದರಿಯವರು ಮುಚ್ಚಿಡುವ ಮೊದಲು ಕೆಲಸ ಉಳಿಸಿಕೊಳ್ಳಿ ಎಂಬ ಎಚ್ಚರಿಕೆಯನ್ನಷ್ಟೇ ಬಿಡುಗಡೆಯ ಜೊತೆ ಹಾಕುತ್ತೇವೆ ಎಂದಿತ್ತು. ಅದರ ಕೆಳಗೆ ಇನ್ನೊಬ್ಬ ಯಾರೋ ಬರೆದಿದ್ದ. ನನ್ನದೂ ಏಳುತ್ತಿರಲಿಲ್ಲ, ಆದರೆ ನಿಮ್ಮ ಸರಿ ಗುರುತು ನೋಡಿ ನನ್ನ ಯಂತ್ರವೇ ಕೆಟ್ಟಿದೆ ಅಂದುಕೊಂಡು ಸುಮ್ಮನಾದೆ. ವನಜ ಇದನ್ನು ಓದಿ ಲ್ಯಾಪ್‌ಟಾಪು ಮುಚ್ಚಿದಳು. ಸ್ವಲ್ಪ ಹೊತ್ತು ಬಿಟ್ಟು ತೆರೆದು ಮತ್ತೆ ಓದಿದಳು.

ಮೋರೆ ಕಾಣದವರಿಗೆ ಹೇಳಿ ಆಯಿತು. ಮೂರು ಓಣಿ ಆಚೆ ಇದ್ದವಳಿಗೆ ಹೇಳುವುದು ಉಳಿದಿತ್ತು. ಸೋಮವಾರ ಲೈಬ್ರರಿಯ ಗೇಟಿನ ತನಕ ಹೋದಳು. ಒಳಗೆ ನವ್ಯಶ್ರೀ ಒಬ್ಬಳೇ ಪುಸ್ತಕದ ಕಪಾಟು ಒರೆಸುತ್ತಿದ್ದಳು, ಓದಲು ಬಂದವರು ಒಬ್ಬರೂ ಇರಲಿಲ್ಲ. ಯಾರೋ ದಾರಿಯಲ್ಲಿ, “ಎಂತ ವನಜಕ್ಕ, ಇಲ್ಲ್ ನಿಂತಿದ್ರಿ?” ಎಂದರು. “ರಿಕ್ಷಾ ಬತ್ತಾ ಕಾಣ್ತಿದ್ದೆ,” ಎಂದು ಸುಳ್ಳು ಹೇಳಿ, ಬೇಡದ ರಿಕ್ಷಾ ಹತ್ತಿ, ಪೇಟೆಗೆ ಹೋಗಿ, ಏನೂ ಕೊಳ್ಳದೆ ವಾಪಸು ಬಂದಳು.

ಮಂಗಳವಾರ ಬೆಳಿಗ್ಗೆ ಮಾತ್ರ ಗೇಟಿನಲ್ಲಿ ನಿಲ್ಲಲಿಲ್ಲ. ನಿಂತರೆ ಕಾಲು ತಿರುಗುತ್ತದೆಂದು ಗೊತ್ತಿತ್ತು. ಒಳಗೆ ಹೋಗಿ ನಿಂತುಕೊಂಡೇ ಹೇಳಿದಳು. ನವ್ಯಶ್ರೀ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟು ಪೂರ್ತಿ ಕೇಳಿದಳು.

“ಶುಕ್ರವಾರ ಎಲ್ರ ಎದ್ರಿಗೆ ನನ್ನ್ ಕೇಂಡ್ರಿ ಅಲ್ದಾ, ಆಫ್ ಮಾಡಿದ್ರಿಯಾ ಅಂದ್ಹೇಳಿ. ಆಗ ನಿಮ್ಗೆ ಗೊತ್ತಿತ್ತಾ?”

“ಅರ್ಧ ಗೊತ್ತಿತ್ತ್.”

“ಅರ್ಧ,” ಎಂದಳು ನವ್ಯಶ್ರೀ. “ನಂಗ್ ಒಬ್ಳಿಗೇ ಹೇಳ್ರೆ ಆತಿಲ್ಲೆ ಅಕ್ಕ. ನಾನ್ ನಾಳೆನೂ ಈ ಊರಲ್ಲೇ ತಿರ್ಗ್ಕ್.”

“ಅದಕ್ಕೇ ಬಂದದ್. ಹೋಪ.”

ದುಗ್ಗಪ್ಪನ ಮನೆಯಂಗಳದಲ್ಲಿ ಬಲೆ ಹರಡಿತ್ತು. ಮೂವರು ಗಂಡಸರು ಕುಳಿತು ಹರಿದದ್ದನ್ನು ನೇಯುತ್ತಿದ್ದರು, ಜಲಜ ಒಲೆಗೆ ತೆಂಗಿನ ಮಡ್ಲು ಕಡಿಯುತ್ತಿದ್ದಳು, ದುಗ್ಗಪ್ಪ ಜಗಲಿಯ ಕಂಬಕ್ಕೆ ಒರಗಿದ್ದ. ನವ್ಯಶ್ರೀಯನ್ನು ಕಂಡು ಜಲಜ ಬಾಯಿ ತೆರೆಯುವ ಮೊದಲೇ ವನಜ ಶುರುಮಾಡಿದಳು.

“ಅಜ್ಜ, ಇವ್ರ್ ಆಫ್ ಮಾಡ್ಲಿಲ್ಲೆ. ತಪ್ಪ್ ನಂದ್. ಅದ್ ಏಳ್ದೇ ಇದ್ದದ್ದನ್ನ ನಾನ್ ಮುಂಚೆಯೇ ಒಂದ್ ಸಲ ಕಂಡಿದ್ದೆ. ಕಂಡೂ ಏಳತ್ತ್ ಅಂದ್ಹೇಳಿ ಇವ್ರಿಗೆ ಕೊಟ್ಟೆ. ಶುಕ್ರವಾರ ಎಲ್ರ ಎದ್ರ್ ಇವ್ರ್ ಮೇಲೆ ಹಾಕ್ದೆ.”

ಬಲೆಯ ಕೈಗಳು ನಿಂತವು. ಜಲಜ ಕತ್ತಿ ಕೆಳಗಿಟ್ಟಳು. “ಅಯ್ಯ, ನಾನ್ ಊರಿಡೀ ಹೇಳ್ಕಂಡ್ ಬಂದಿದೆ ಮಾರಾಯ್ತಿ,” ಎಂದಳು, ನವ್ಯಶ್ರೀಯ ಕಡೆ ನೋಡದೆ.

ದುಗ್ಗಪ್ಪ ಮಾತಾಡಿದ. ಸ್ವರ ಏರಿಸಲಿಲ್ಲ.

“ನಂದ್ ಹೋದದ್ ಹೋಯ್ಲಿ. ನಾವ್ ಕಡ್ಲಲ್ಲಿ ಎಂತ ಮಾಡ್ತಿದ್ದಿತ್ ಗೊತ್ತಿತ್ತಾ ನಿಂಗೆ? ನೀರಡಿ ಬಂಡಿಕಲ್ಲಿಗ್ ಸಿಕ್ಕಿ ಬಲೆ ಹರ್ದ್ರೆ, ದಡಕ್ ಬಂದದ್ದೇ ಎಲ್ಲಾ ದೋಣಿಯರಿಗೂ ಹೇಳ್ಕ್. ನಾಚ್ಕಿ ಆತ್ತ್, ಅಷ್ಟ್ ವರ್ಷ ಕಡ್ಲ್ ಕಂಡವ ಬಂಡಿ ಮೇಲ್ ಬಲೆ ಹಾಕ್ದ ಅಂದ್ಹೇಳಿ ನಗಾಡ್ತ್ರ್. ಆದ್ರೂ ಹೇಳ್ಕ್. ಹೇಳ್ದೇ ಇದ್ದವ ಒಬ್ಬ ಇದ್ದಿದ್ದ. ಮರುದಿನ ಅವ್ನ್ ಅಣ್ಣನ ಬಲೆಯೇ ಹರಿತ್. ಮತ್ತೆ ಅವ್ನನ್ನ ಯಾರೂ ದೋಣಿ ಹತ್ಸ್ಲಿಲ್ಲೆ.”

ವನಜ ತಲೆ ತಗ್ಗಿಸಿ ನಿಂತಳು. ತಪ್ಪಾಯ್ತು ಎನ್ನಬೇಕೆಂದು ಬಾಯಿ ತುದಿಗೆ ಬಂತು. ಹೇಳಿದರೆ ಅವರು ಹೋಗಲಿ ಬಿಡು ಎನ್ನಬೇಕಾಗುತ್ತದೆ. ಕ್ಷಮೆಯನ್ನು ಅವರಿಂದ ಕಸಿದುಕೊಂಡ ಹಾಗೆ ಆದೀತೆಂದು ಸುಮ್ಮನಾದಳು.

ದುಗ್ಗಪ್ಪ ನವ್ಯಶ್ರೀಯನ್ನು ಕರೆದ. “ಬಾ ಮಗಾ, ಕೂಕೋ. ಪುಸ್ತಕ ಪೆನ್ನ್ ಇತ್ತಾ? ಆ ಡಬ್ಬಿ ಬೇಡ. ಮತ್ತೊಂದ್ ಸಲ ಹೇಳ್ತೆ, ಎಷ್ಟ್ ನೆನಪಾತ್ತೋ ಅಷ್ಟ್.”

ಜಲಜ ಒಳಗೆ ಹೋಗಿ ಮನೆಯವರು ಬಳಸುವ ಒಂದು ನೋಟುಪುಸ್ತಕ ತಂದು ನವ್ಯಶ್ರೀಯ ಮಡಿಲಲ್ಲಿಟ್ಟಳು, ಮಣೆಯನ್ನೂ ತಂದು ಹಾಕಿದಳು. ನವ್ಯಶ್ರೀ ಕುಳಿತಳು. ವನಜಳೂ ಜಗಲಿಯ ತುದಿಗೆ ಕೂರಲು ಸೀರೆ ಸರಿಪಡಿಸಿಕೊಂಡಳು. ದುಗ್ಗಪ್ಪ ಬಾಯಿ ತೆರೆಯಲಿಲ್ಲ. ಕಾದ. ಆಮೇಲೆ ಅವಳ ಕಡೆ ನೋಡದೆ, ಮಗಳಿಗೆ ಹೇಳಿದ.

“ಅವ್ಳ್ ಹೋಯ್ಲಿ. ಮತ್ತೆ ಹೇಳ್ತೆ.”

ವನಜ ಚಪ್ಪಲಿ ಮೆಟ್ಟಿಕೊಂಡು ಅಂಗಳ ದಾಟಿದಳು. ಬಲೆಯ ಮೇಲೆ ಕಾಲಿಡದಂತೆ ಸುತ್ತು ಹಾಕಿ ಹೋಗಬೇಕಾಯಿತು. ಬೇಲಿ ದಾಟಿದ ಮೇಲೆ ಹಿಂದಿನಿಂದ ಮುದುಕನ ಸ್ವರ ಕೇಳಿಸತೊಡಗಿತು. ಏನು ಹೇಳುತ್ತಿದ್ದಾನೆಂದು ಗೊತ್ತಾಗಲಿಲ್ಲ. ನಿಂತು ಕೇಳಬಹುದಿತ್ತು, ನಿಲ್ಲಲಿಲ್ಲ.

ಮನೆಗೆ ಬಂದಾಗ ಪಂಚಾಯತಿಯ ನೀರು ಬಿಟ್ಟಿದ್ದರು. ಅಂಗಳದ ಮೂಲೆಯ ನಳ್ಳಿಯಿಂದ ಸಣ್ಣಗೆ ಬೀಳುತ್ತಿತ್ತು, ಇನ್ನು ಮುಕ್ಕಾಲು ಗಂಟೆ ಬಂದರೆ ಹೆಚ್ಚು. ವನಜ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡವನ್ನು ಹುಳಿ ಹಾಕಿ ತಿಕ್ಕಿ ತೊಳೆದು ನಳ್ಳಿಯಡಿ ಇಟ್ಟಳು. ತುಂಬಿದ ಮೇಲೆ ಒಳಗೆ ಒಯ್ದು ಅಡುಗೆಮನೆಯ ಪಾತ್ರೆಗೆ ಬಟ್ಟೆ ಕಟ್ಟಿ ಸೋಸಿ ಸುರಿದು, ಖಾಲಿ ಕೊಡ ತಂದು ಮತ್ತೆ ನಳ್ಳಿಯಡಿ ಇಟ್ಟಳು.